ಪ್ಯಾಕೇಜ್ ಮೇಂಟೇನರ್‌ಗಳಿಗೆ: ಸುದ್ದಿಯ ಹಿಂದೆ ಓಡದೆ ಅಪ್‌ಡೇಟ್ ಆಗಿರುವುದು ಹೇಗೆ

ಸಂಬಳ ಇಲ್ಲದೆ, ಬಿಡುವಿನ ವೇಳೆಯಲ್ಲಿ ನಾಲ್ಕಾರು ಓಪನ್ ಸೋರ್ಸ್ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಬಿಲ್ಡ್ ಮಾಡುವುದು, ಪ್ಯಾಚ್ ಹಾಕುವುದು ಅಂಥ ತಲೆನೋವಲ್ಲ. ಎಲ್ಲಿ ಏನಾಯಿತು ಅಂತ ಸಮಯಕ್ಕೆ ಸರಿಯಾಗಿ ತಿಳಿಯುವುದೇ ತಲೆನೋವು. ಕಂಪೈಲರ್ ಬದಲಾಗಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ಲೈಬ್ರರಿಯೊಂದರ ಲೈಸೆನ್ಸ್ ಬದಲಾಗಿರುತ್ತದೆ, ಗೊತ್ತಿರುವುದಿಲ್ಲ. ಬಳಕೆದಾರರೊಬ್ಬರು ಬಗ್ ಹಾಕಿದ ಮೇಲೆ ನೋಡಿದರೆ, ಉಳಿದವರಿಗೆಲ್ಲ ಅದು ಎಷ್ಟೋ ತಿಂಗಳ ಹಳೇ ವಿಷಯ.

ಹಾಗಂತ ಬರುವ ಸುದ್ದಿಯನ್ನೆಲ್ಲ ಓದುತ್ತಾ ಕೂತರೆ ಪ್ಯಾಕೇಜ್ ಕೆಲಸಕ್ಕೆ ಸಮಯ ಉಳಿಯುವುದಿಲ್ಲ. ನಿಮ್ಮ ಪ್ಯಾಕೇಜಿಗೆ ತಾಗುವ ಸುದ್ದಿ ತಾನಾಗಿ ನಿಮ್ಮ ಹತ್ತಿರ ಬರಬೇಕು, ಬಂದ ಕೂಡಲೇ ಇದು ಇವತ್ತಿನ ಕೆಲಸವೋ ಮುಂದಿನ ತಿಂಗಳದ್ದೋ ಅಂತ ಗೊತ್ತಾಗಬೇಕು. ಅದಕ್ಕೆ ಬೇಕಾದ ಏರ್ಪಾಡನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಡೆಬಿಯನ್, ಫೆಡೋರಾ, ಆರ್ಚ್‌ನಂಥ ಲಿನಕ್ಸ್ ಡಿಸ್ಟ್ರೋಗಳಿಗೆ (ಸಾಫ್ಟ್‌ವೇರ್‌ಗಳನ್ನು ಒಟ್ಟಿಗೆ ಜೋಡಿಸಿ ಹಂಚುವ ಲಿನಕ್ಸ್ ರೂಪಗಳಿಗೆ) ಪ್ಯಾಕೇಜ್ ಮಾಡುವವರನ್ನೇ ಜಾಸ್ತಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪೈಪಿಐ (ಪೈಥಾನ್), ಎನ್‌ಪಿಎಂ (ಜಾವಾಸ್ಕ್ರಿಪ್ಟ್) ಎಂಬ ಪ್ಯಾಕೇಜ್ ರೆಜಿಸ್ಟ್ರಿಗಳಿಗೆ ತಮ್ಮದೇ ಕೋಡ್ ಹಾಕುವವರಿಗೂ ಮುಕ್ಕಾಲು ಪಾಲು ಹೊಂದುತ್ತದೆ.

ಹಂತ 1: ಪ್ಯಾಕೇಜಿಗೊಂದು ಅರ್ಧ ಪುಟದ ಚೀಟಿ

ಪ್ರತಿ ಪ್ಯಾಕೇಜಿಗೂ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಮಾಡಿ. ಮೂಲ ಕೋಡ್ ಎಲ್ಲಿಂದ ಬರುತ್ತದೆ? ಅಪ್‌ಸ್ಟ್ರೀಮ್‌ನವರು, ಅಂದರೆ ಆ ಸಾಫ್ಟ್‌ವೇರ್ ಬರೆಯುವವರು, ಹೊಸ ಬಿಡುಗಡೆಯನ್ನು ಎಲ್ಲಿ ಸಾರುತ್ತಾರೆ? ಭದ್ರತಾ ದೋಷವನ್ನು ಯಾರಿಗೆ ತಿಳಿಸಬೇಕು? ಯಾವ ಭಾಷೆ, ಯಾವ ಬಿಲ್ಡ್ ಸಿಸ್ಟಮ್? ನಿಮ್ಮ ಪ್ಯಾಕೇಜನ್ನು ನಂಬಿಕೊಂಡಿರುವ ಬೇರೆ ಪ್ಯಾಕೇಜ್‌ಗಳು ಯಾವುವು? ನೀವು ಸೇರಿಸಿಕೊಂಡಿರುವ ಪ್ಯಾಚ್‌ಗಳು ಯಾವುವು, ಅವನ್ನು ಅಪ್‌ಸ್ಟ್ರೀಮ್‌ಗೆ ಕಳಿಸಿದ್ದೀರಾ?

ಇಷ್ಟು ಬರೆದಿಟ್ಟರೆ ಸುದ್ದಿ ಸೋಸುವುದು ಸಲೀಸು. ‘ಸಿಮೇಕ್ ಹೊಸ ಆವೃತ್ತಿ ಬಂತು’ (ಸಿಮೇಕ್ ಒಂದು ಬಿಲ್ಡ್ ಸಾಧನ) ಅನ್ನುವುದನ್ನು ಓದಬೇಕೋ ಬೇಡವೋ ಅಂತ ಚೀಟಿಯೇ ಹೇಳುತ್ತದೆ.

ಹಂತ 2: ಹೊಸ ಆವೃತ್ತಿಯ ಸುದ್ದಿ ಯಂತ್ರದಿಂದಲೇ ಬರಲಿ

ಅಪ್‌ಸ್ಟ್ರೀಮ್ ಪುಟವನ್ನು ಆಗಾಗ ಹೋಗಿ ನೋಡುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಆ ಕೆಲಸಕ್ಕೆ ಸಾಧನಗಳಿವೆ.

ಡೆಬಿಯನ್‌ನಲ್ಲಿ ಪ್ಯಾಕೇಜಿನೊಳಗೆ ವಾಚ್ ಎಂಬ ಫೈಲ್ ಇರುತ್ತದೆ. ಯುಸ್ಕ್ಯಾನ್ ಎಂಬ ಸಾಧನ ಅದನ್ನು ಓದಿ, ಅಪ್‌ಸ್ಟ್ರೀಮ್‌ನಲ್ಲಿ ಹೊಸದೇನಾದರೂ ಇದೆಯಾ ಅಂತ ನೋಡುತ್ತದೆ. ಅದರ ಫಲಿತಾಂಶ ಪ್ಯಾಕೇಜ್ ಟ್ರ್ಯಾಕರ್ ಪುಟದಲ್ಲೂ ಕಾಣಿಸುತ್ತದೆ. ಫೆಡೋರಾದಲ್ಲಿ ಅನಿತ್ಯ ಎಂಬ ವ್ಯವಸ್ಥೆ ಅಪ್‌ಸ್ಟ್ರೀಮ್ ಬಿಡುಗಡೆಗಳ ಮೇಲೆ ಕಣ್ಣಿಟ್ಟಿರುತ್ತದೆ. ನಿಮ್ಮ ಪ್ಯಾಕೇಜನ್ನು ಅದಕ್ಕೆ ಜೋಡಿಸಿದ್ದರೆ ಬಗ್‌ಜಿಲ್ಲಾದಲ್ಲಿ, ಅಂದರೆ ಅವರ ಬಗ್ ಪಟ್ಟಿಯಲ್ಲಿ, ತಾನಾಗಿ ಒಂದು ಬಗ್ ತೆರೆದುಕೊಳ್ಳುತ್ತದೆ. ಆರ್ಚ್‌ನವರು ಎನ್‌ವಿಚೆಕರ್ ಬಳಸುತ್ತಾರೆ. ಯಾವ ಡಿಸ್ಟ್ರೋದಲ್ಲಿದ್ದರೂ ರೆಪಾಲಜಿ ಉಪಯೋಗಕ್ಕೆ ಬರುತ್ತದೆ: ಒಂದು ಸಾಫ್ಟ್‌ವೇರ್‌ನ ಯಾವ ಆವೃತ್ತಿ ಎಲ್ಲೆಲ್ಲಿದೆ ಅಂತ ಅದು ಒಂದೇ ಪುಟದಲ್ಲಿ ತೋರಿಸುತ್ತದೆ. ಬೇರೆ ಡಿಸ್ಟ್ರೋದವರು ಮೂರು ಆವೃತ್ತಿ ಮುಂದೆ ಇದ್ದರೆ ಅವರ ಪ್ಯಾಚ್‌ಗಳನ್ನು ಹೋಗಿ ನೋಡಬಹುದು. ಅದರಲ್ಲಿ ಸಂಕೋಚವೇನೂ ಬೇಡ, ಎಲ್ಲರೂ ಮಾಡುವುದೇ.

ಗಿಟ್‌ಹಬ್‌ನಲ್ಲಿರುವ ಯೋಜನೆಗಳಿಗೆ ‘ವಾಚ್’ ಒತ್ತಿ, ‘ಕಸ್ಟಮ್’ನಲ್ಲಿ ರಿಲೀಸ್ ಒಂದನ್ನೇ ಆರಿಸಿ. ಇಲ್ಲದಿದ್ದರೆ ಪ್ರತಿ ಇಶ್ಯೂ, ಪ್ರತಿ ಕಾಮೆಂಟ್ ಮೇಲ್‌ಗೆ ಬಂದು ಬೀಳುತ್ತದೆ, ನಾಲ್ಕು ದಿನದಲ್ಲಿ ನೀವೇ ಎಲ್ಲವನ್ನೂ ಮ್ಯೂಟ್ ಮಾಡುತ್ತೀರಿ. ಕೆಲವರು ರಿಲೀಸ್ ಅಂತ ಮಾಡುವುದೇ ಇಲ್ಲ, ಸುಮ್ನೆ ಟ್ಯಾಗ್ ಹಾಕಿ ಹೋಗುತ್ತಾರೆ. ಅಂಥವರ ಟ್ಯಾಗ್ ಪುಟದ ಆಟಂ ಫೀಡನ್ನು ಫೀಡ್ ರೀಡರ್‌ಗೆ ಹಾಕಿಕೊಳ್ಳಿ.

ವಾಚ್ ಫೈಲ್ ಬರೆಯುವಾಗ ಒಂದು ಕಡೆ ಜೋಪಾನ. ಅಪ್‌ಸ್ಟ್ರೀಮ್ ‘2.0ಆರ್‌ಸಿ1’ ಅಂತ ಪರೀಕ್ಷಾ ಆವೃತ್ತಿ ಬಿಟ್ಟಿತು ಅಂದುಕೊಳ್ಳಿ. ಡೆಬಿಯನ್‌ನ ಲೆಕ್ಕದಲ್ಲಿ ಅದು 2.0ಗಿಂತ ದೊಡ್ಡದು. ಅದನ್ನು ಹಾಗೆಯೇ ಅಪ್‌ಲೋಡ್ ಮಾಡಿದರೆ, ಆಮೇಲೆ ನಿಜವಾದ 2.0 ಬಂದಾಗ ಅದು ಹಳೆಯದು ಅನ್ನಿಸಿಕೊಳ್ಳುತ್ತದೆ. ನಡುವೆ ಟಿಲ್ಡೆ ಹಾಕಿ ‘2.0~ಆರ್‌ಸಿ1’ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಟಿಲ್ಡೆ ಇರುವುದು ಯಾವಾಗಲೂ ಕೆಳಗೆ ಕೂರುತ್ತದೆ. ಫೆಡೋರಾದ ಪ್ಯಾಕೇಜ್ ವ್ಯವಸ್ಥೆ ಆರ್‌ಪಿಎಂನಲ್ಲೂ ಟಿಲ್ಡೆಯ ನಿಯಮ ಇದೇ. ಈ ಬದಲಾವಣೆಯನ್ನು ವಾಚ್ ಫೈಲಿನಲ್ಲೇ ಬರೆದಿಡಬಹುದು, ಪ್ರತಿ ಸಲ ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ.

ಹಂತ 3: ಕಡಿಮೆ ಮಾತಾಡುವ ಚಾನೆಲ್‌ಗಳನ್ನು ಹಿಡಿಯಿರಿ

ಪ್ರತಿ ಡಿಸ್ಟ್ರೋದಲ್ಲೂ ಚರ್ಚೆಯ ಮೇಲಿಂಗ್ ಲಿಸ್ಟ್ ಬೇರೆ, ಪ್ರಕಟಣೆಯದ್ದು ಬೇರೆ ಇರುತ್ತದೆ. ನಿಮಗೆ ಬೇಕಾಗಿರುವುದು ಎರಡನೆಯದು. ಡೆಬಿಯನ್‌ನಲ್ಲಿ ‘ಡೆವೆಲ್-ಅನೌನ್ಸ್’, ಫೆಡೋರಾದಲ್ಲೂ ಅದೇ ಹೆಸರಿನದ್ದು, ಆರ್ಚ್‌ನಲ್ಲಿ ಮುಖಪುಟದ ನ್ಯೂಸ್. ಪೈಪಿಐಗೆ ಅದರದ್ದೇ ಬ್ಲಾಗ್. ಎನ್‌ಪಿಎಂ ಸುದ್ದಿ ಗಿಟ್‌ಹಬ್‌ನ ಚೇಂಜ್‌ಲಾಗ್‌ನಲ್ಲಿ ಬರುತ್ತದೆ. ಭದ್ರತೆಗೆ ಓಎಸ್‌ಎಸ್-ಸೆಕ್ಯುರಿಟಿ ಲಿಸ್ಟ್. ಇದರಲ್ಲಿ ಮೇಲ್ ಸ್ವಲ್ಪ ಜಾಸ್ತಿ, ಹಾಗಾಗಿ ನಿಮ್ಮ ಪ್ಯಾಕೇಜ್‌ಗಳ ಹೆಸರಿಗೆ ಫಿಲ್ಟರ್ ಹಾಕಿಕೊಳ್ಳಿ.

ಇವೆಲ್ಲ ಒಂದೇ ಫೋಲ್ಡರ್‌ಗೆ ಬೀಳಲಿ. ವಾರಕ್ಕೊಮ್ಮೆ ತೆರೆದು ನೋಡಿದರೆ ಸಾಕು. ಭದ್ರತೆಯ ಫಿಲ್ಟರ್‌ಗೆ ಸಿಕ್ಕಿದ್ದು ಮಾತ್ರ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಇಟ್ಟುಕೊಳ್ಳಿ. ಸೋಷಿಯಲ್ ಮೀಡಿಯಾದಲ್ಲಿ ಓಡಾಡುವ ‘ಭಯಂಕರ ದೋಷ, ಈಗಲೇ ಅಪ್‌ಡೇಟ್ ಮಾಡಿ’ ಎಂಬ ಪೋಸ್ಟ್‌ಗಳನ್ನು ನಂಬಿ ಕೆಲಸ ಶುರು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಮೂಲ ಪ್ರಕಟಣೆ ಸಿಗುವ ತನಕ ಅದು ಬರೀ ಗಾಳಿಸುದ್ದಿ.

ಹಂತ 4: ಸುದ್ದಿ ಯಾವ ಜಾತಿಯದ್ದು ಅಂತ ನೋಡಿ

ಇಡೀ ಕೆಲಸದ ತಿರುಳು ಇಲ್ಲೇ ಇದೆ. ಭದ್ರತೆಯ ಸುದ್ದಿಗೆ ಗಂಟೆಗಳ ಲೆಕ್ಕ. ಕಂಪೈಲರ್ ಸುದ್ದಿಗೆ ತಿಂಗಳುಗಳ ಲೆಕ್ಕ. ಎರಡನ್ನೂ ಒಂದೇ ವೇಗದಲ್ಲಿ ನೋಡಲು ಹೋದರೆ ಒಂದೋ ಸುಸ್ತಾಗುತ್ತೀರಿ, ಇಲ್ಲವೋ ತಡವಾಗುತ್ತೀರಿ.

*ಭದ್ರತೆ.* ಸಿವಿಇ ನಂಬರ್ (ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಬಂದ ತಕ್ಷಣ ಹೊಸ ಆವೃತ್ತಿ ಹಾಕಲು ಓಡಬೇಡಿ. ಮೊದಲು ಮೂರು ಪ್ರಶ್ನೆ. ನಮ್ಮ ಆವೃತ್ತಿಯಲ್ಲಿ ಆ ಕೋಡ್ ಇದೆಯಾ? ಇದ್ದರೆ, ನಾವು ಬಿಲ್ಡ್ ಮಾಡುವ ಆಯ್ಕೆಗಳಲ್ಲಿ ಅದು ಸೇರುತ್ತದಾ? ಸೇರಿದರೆ, ಹೊರಗಿನವರು ಅದನ್ನು ಮುಟ್ಟಲು ಸಾಧ್ಯವಾ? ಎಷ್ಟೋ ಸಲ ದೋಷ ಇರುವ ಭಾಗ ನಮ್ಮ ಹಳೇ ಆವೃತ್ತಿಯಲ್ಲಿ ಇನ್ನೂ ಹುಟ್ಟೇ ಇರುವುದಿಲ್ಲ. ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್, ಓಎಸ್‌ವಿ ಎಂಬ ದೋಷಗಳ ಡೇಟಾಬೇಸ್ ಎರಡರಲ್ಲೂ ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ತೊಂದರೆ ಅಂತ ಸಿಗುತ್ತದೆ. ಆದರೂ ಕೋಡ್ ತೆರೆದು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು.

ಸ್ಟೇಬಲ್ ಬಿಡುಗಡೆಗೆ ಸಾಮಾನ್ಯವಾಗಿ ಪೂರ್ತಿ ಹೊಸ ಆವೃತ್ತಿ ಹೋಗುವುದಿಲ್ಲ. ದೋಷ ಸರಿಪಡಿಸುವ ಪ್ಯಾಚನ್ನಷ್ಟೇ ಹಳೇ ಕೋಡ್‌ಗೆ ಹೊಂದಿಸಿ ಹಾಕಬೇಕು. ಅದರ ಜೊತೆ ಪರೀಕ್ಷೆಯ ಕೋಡ್ ಇದ್ದರೆ ಅದನ್ನೂ ತನ್ನಿ. ದೋಷವನ್ನು ನಿಮಗೆ ಗುಟ್ಟಾಗಿ ತಿಳಿಸಿದ್ದರೆ, ಪ್ರಕಟಣೆಯ ದಿನದವರೆಗೆ ಬಾಯಿ ಬಿಡಬಾರದು. ಸಾರ್ವಜನಿಕ ಬಗ್ ತೆರೆಯುವುದಾಗಲಿ, ಎಲ್ಲರಿಗೂ ಕಾಣುವ ಬ್ರಾಂಚ್‌ಗೆ ಪುಶ್ ಮಾಡುವುದಾಗಲಿ ಸಲ್ಲದು. ಡಿಸ್ಟ್ರೋಗಳು ಹಂಚಿಕೊಳ್ಳುವ ಖಾಸಗಿ ಲಿಸ್ಟ್‌ನಲ್ಲಿ ಈ ಗುಟ್ಟಿನ ಅವಧಿ ಹೆಚ್ಚೆಂದರೆ 14 ದಿನ.

ಈಗ ಇನ್ನೊಂದು ಕಾಟ ಸೇರಿಕೊಂಡಿದೆ: ಎಐಯಿಂದ ಬರೆಸಿ ಕಳಿಸುವ ಸುಳ್ಳು ದೋಷ ವರದಿಗಳು. ಕರ್ಲ್ ಎಂಬ ಸಾಧನವನ್ನು ನೋಡಿಕೊಳ್ಳುವ ಡೇನಿಯಲ್ ಸ್ಟೆನ್‌ಬರ್ಗ್ ಇದರ ಬಗ್ಗೆ ಬಹಿರಂಗವಾಗಿಯೇ ರೇಗಿದ್ದಾರೆ. ನೋಡಲು ಅಚ್ಚುಕಟ್ಟಾದ ವರದಿ, ಒಳಗೆ ಇಲ್ಲದ ಫಂಕ್ಷನ್‌ನ ಹೆಸರು. ಇಂಥದ್ದಕ್ಕೆ ಉದ್ದ ಉತ್ತರ ಬರೆಯುತ್ತಾ ಕೂರಬೇಡಿ. ‘ಯಾವ ಆವೃತ್ತಿ, ಯಾವ ಇನ್‌ಪುಟ್ ಕೊಟ್ಟರೆ ಕ್ರ್ಯಾಶ್ ಆಗುತ್ತದೆ, ಫೈಲ್ ಕಳಿಸಿ’ ಎಂಬ ಒಂದು ಸಾಲು ಸಾಕು. ನಿಜವಾದ ವರದಿಗಾರರು ಕಳಿಸುತ್ತಾರೆ. ಉಳಿದವರು ಸುಮ್ಮನಾಗುತ್ತಾರೆ.

ಭದ್ರತೆಯ ಮಾತು ಬಂದ ಮೇಲೆ ಎಕ್ಸ್‌ಜೆಡ್ ಎಂಬ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ ಕಥೆ ಬಿಟ್ಟು ಮುಂದೆ ಹೋಗಲಾಗದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಓಎಸ್‌ಎಸ್-ಸೆಕ್ಯುರಿಟಿಗೆ ಒಂದು ಮೇಲ್ ಹಾಕಿದರು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿತ್ತು. ಅದರ ಬೆನ್ನು ಹತ್ತಿ ಹೋದಾಗ ಎಕ್ಸ್‌ಜೆಡ್ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲು ಸಿಕ್ಕಿತು. ಸಿವಿಇ-2024-3094 ಅಂದರೆ ಇದೇ. ಕೆಟ್ಟ ಕೋಡ್ ಅಡಗಿದ್ದು ಪರೀಕ್ಷಾ ಫೈಲ್‌ಗಳ ಒಳಗೆ. ಆ ಫೈಲ್‌ಗಳು ಗಿಟ್‌ನಲ್ಲೂ ಇದ್ದವು. ಆದರೆ ಅವನ್ನು ಬಿಚ್ಚಿ ಬಿಲ್ಡ್‌ಗೆ ಸೇರಿಸುವ ಕೆಲಸಕ್ಕೆ ಚಾಲನೆ ಕೊಡುತ್ತಿದ್ದ ಎಂ4 ಎಂಬ ಬಿಲ್ಡ್ ಸ್ಕ್ರಿಪ್ಟ್ ಫೈಲ್ ಬಿಡುಗಡೆಯ ಟಾರ್‌ಬಾಲ್‌ನಲ್ಲಿ (ಕೋಡನ್ನೆಲ್ಲ ಕಟ್ಟಿ ಕೊಡುವ ಒಂದೇ ಫೈಲ್) ಮಾತ್ರ ಇತ್ತು, ಗಿಟ್‌ನಲ್ಲಿ ಇರಲಿಲ್ಲ. ಗಿಟ್ ನೋಡಿದವರಿಗೆ ಪೂರ್ತಿ ಚಿತ್ರ ಸಿಗುತ್ತಿರಲಿಲ್ಲ.

ನಿಮ್ಮ ಮಟ್ಟದಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಹೊಸ ಟಾರ್‌ಬಾಲ್ ಬಂದಾಗ ಅದನ್ನು ಬಿಚ್ಚಿ, ಅದೇ ಆವೃತ್ತಿಯ ಗಿಟ್ ಟ್ಯಾಗ್ ಜೊತೆ ಡಿಫ್ ಮಾಡಿ, ಅಂದರೆ ಸಾಲು ಸಾಲಾಗಿ ಹೋಲಿಸಿ. ಕಾನ್ಫಿಗರ್ ಸ್ಕ್ರಿಪ್ಟ್, ಮೇಕ್‌ಫೈಲ್ ಟೆಂಪ್ಲೇಟ್, ಅನುವಾದದ ಫೈಲ್‌ಗಳಂಥ ಯಂತ್ರ ತಯಾರಿಸಿದ ಫೈಲ್‌ಗಳು ಹೆಚ್ಚುವರಿಯಾಗಿ ಕಾಣುವುದು ಮಾಮೂಲು. ಅದರ ಹೊರಗೆ ಏನೇ ಕಂಡರೂ ಯಾಕೆ ಬಂತು ಅಂತ ಕೇಳಬೇಕು. ಎಂ4 ಫೈಲ್‌ಗಳನ್ನು ‘ಅವು ಯಾವಾಗಲೂ ಇರುತ್ತವಲ್ಲ’ ಅಂತ ದಾಟಿಸಿಬಿಡುವ ಅಭ್ಯಾಸವನ್ನೇ ಆ ದಾಳಿ ಬಳಸಿಕೊಂಡಿದ್ದು. ಸಾಧ್ಯವಿದ್ದರೆ ಟಾರ್‌ಬಾಲ್ ಬಿಟ್ಟು ನೇರ ಗಿಟ್ ಟ್ಯಾಗ್‌ನಿಂದಲೇ ಪ್ಯಾಕೇಜ್ ಮಾಡಿ, ಕಾನ್ಫಿಗರ್ ಸ್ಕ್ರಿಪ್ಟನ್ನು ನೀವೇ ಹೊಸದಾಗಿ ಹುಟ್ಟಿಸಿಕೊಳ್ಳಿ.

*ಕಂಪೈಲರ್ ಮತ್ತು ಬಿಲ್ಡ್ ಸಾಧನಗಳು.* ಇವು ಹೇಳಿಕೇಳಿ ಬರುವ ತೊಂದರೆಗಳು, ತಾರೀಖು ಮೊದಲೇ ಗೊತ್ತಿರುತ್ತದೆ. ಜಿಸಿಸಿ ಕಂಪೈಲರ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು, ಏಪ್ರಿಲ್-ಮೇ ಹೊತ್ತಿಗೆ. ಪೈಥಾನ್ ವರ್ಷಕ್ಕೊಂದು, ಅಕ್ಟೋಬರ್‌ನಲ್ಲಿ. ಕ್ಯಾಲೆಂಡರ್‌ನಲ್ಲಿ ಇವತ್ತೇ ಗುರುತು ಹಾಕಿಕೊಳ್ಳಿ.

2024ರಲ್ಲಿ ಬಂದ ಜಿಸಿಸಿ 14, ಘೋಷಣೆ ಇಲ್ಲದೆ ಫಂಕ್ಷನ್ ಕರೆಯುವುದನ್ನು ವಾರ್ನಿಂಗ್‌ನಿಂದ ಎರರ್‌ಗೆ ಏರಿಸಿತು. 2025ರ ಜಿಸಿಸಿ 15, ಸಿ ಭಾಷೆಯ ಸಿ23 ಮಾನದಂಡವನ್ನೇ ಡೀಫಾಲ್ಟ್ ಮಾಡಿತು. ‘ಬೂಲ್’ ಎಂಬ ಹೆಸರನ್ನು ತಾವೇ ಟೈಪ್‌ಡೆಫ್ ಮಾಡಿಕೊಂಡಿದ್ದ ಹಳೇ ಕೋಡ್ ಅಲ್ಲಿ ನಿಂತುಹೋಗುತ್ತದೆ, ಯಾಕೆಂದರೆ ಅದೀಗ ಕೀವರ್ಡ್. ಖಾಲಿ ಆವರಣ ಹಾಕಿ ಘೋಷಿಸಿದ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕೊಟ್ಟರೂ ಎರರ್. ಅದೇ ವರ್ಷದ ಸಿಮೇಕ್ 4.0, 3.5ಕ್ಕಿಂತ ಹಳೇ ಆವೃತ್ತಿಗೆ ಬರೆದ ಫೈಲ್‌ಗಳನ್ನು ಒಪ್ಪುವುದನ್ನೇ ಬಿಟ್ಟಿತು. ಬಹಳಷ್ಟು ಕಡೆ ಕನಿಷ್ಠ ಆವೃತ್ತಿಯ ಆ ಒಂದು ಸಾಲು ಬದಲಿಸಿದರೆ ಕೆಲಸ ಮುಗಿಯುತ್ತದೆ. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್ ಹೋಯಿತು. 3.13ರಲ್ಲಿ ಸಿಜಿಐ, ಕ್ರಿಪ್ಟ್, ಟೆಲ್ನೆಟ್‌ಲಿಬ್ ಸೇರಿ 19 ಹಳೇ ಮಾಡ್ಯೂಲ್‌ಗಳು ಹೋದವು.

ಎರರ್ ಬಂದು ಬಿಲ್ಡ್ ನಿಂತರೆ ಪುಣ್ಯ, ಕಣ್ಣಿಗೆ ಬೀಳುತ್ತದೆ. ಜಿಸಿಸಿ 14ರ ನಿಜವಾದ ಕಾಟ ಬೇರೆ ಕಡೆ ಇತ್ತು. ಕಾನ್ಫಿಗರ್ ಸ್ಕ್ರಿಪ್ಟ್ ಏನು ಮಾಡುತ್ತದೆ? ‘ಈ ಸಿಸ್ಟಮ್‌ನಲ್ಲಿ ಈ ಫಂಕ್ಷನ್ ಇದೆಯಾ’ ಅಂತ ತಿಳಿಯಲು ಪುಟ್ಟ ಪುಟ್ಟ ಸಿ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡುತ್ತದೆ. ಕಂಪೈಲ್ ಆದರೆ ಇದೆ, ಆಗದಿದ್ದರೆ ಇಲ್ಲ. ಹಳೇ ಸ್ಕ್ರಿಪ್ಟ್‌ಗಳ ಈ ಪುಟ್ಟ ಪ್ರೋಗ್ರಾಂಗಳು ಹೆಡರ್ ಸೇರಿಸದೆಯೇ ‘ಎಕ್ಸಿಟ್’ ಕರೆಯುತ್ತಿದ್ದವು. ಮೊದಲು ಬರೀ ಎಚ್ಚರಿಕೆ, ಈಗ ಎರರ್. ಹಾಗಾಗಿ ಸಿಸ್ಟಮ್‌ನಲ್ಲಿ ಫಂಕ್ಷನ್ ಇದ್ದರೂ ಸ್ಕ್ರಿಪ್ಟ್ ‘ಇಲ್ಲ’ ಅಂತ ತೀರ್ಮಾನಿಸುತ್ತದೆ. ಬಿಲ್ಡ್ ಹಸಿರಾಗಿಯೇ ಮುಗಿಯುತ್ತದೆ. ಪ್ಯಾಕೇಜಿನಲ್ಲಿ ಒಂದು ಸೌಲಭ್ಯ ಮಾತ್ರ ಸದ್ದಿಲ್ಲದೆ ಕಾಣೆಯಾಗಿರುತ್ತದೆ.

ಇದನ್ನು ಹಿಡಿಯಲು ಸುಲಭದ ದಾರಿ ಒಂದಿದೆ. ಹಳೇ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಬಿಲ್ಡ್ ಮಾಡಿ. ಎರಡರಲ್ಲೂ ಹುಟ್ಟಿದ ಕಾನ್ಫಿಗ್ ಹೆಡರ್ ಫೈಲ್‌ಗಳನ್ನು ಡಿಫ್ ಮಾಡಿ. ಒಂದರಲ್ಲಿ ‘ಹ್ಯಾವ್’ ಅಂತ ಇದ್ದದ್ದು ಇನ್ನೊಂದರಲ್ಲಿ ಕಾಮೆಂಟ್ ಆಗಿದ್ದರೆ, ಕಾನ್ಫಿಗ್ ಲಾಗ್ ತೆರೆದು ಆ ಪರೀಕ್ಷೆ ಯಾಕೆ ಸೋತಿತು ನೋಡಿ. ಹತ್ತು ನಿಮಿಷದ ಕೆಲಸ, ಆದರೆ ಮಾಡುವವರು ಕಡಿಮೆ.

ಜಿಸಿಸಿಯವರು ಪ್ರತಿ ಆವೃತ್ತಿಗೂ ‘ಪೋರ್ಟಿಂಗ್’ ಅಂತ ಒಂದು ಪುಟ ಬರೆಯುತ್ತಾರೆ. ಏನೇನು ಒಡೆಯುತ್ತದೆ, ಹೇಗೆ ಸರಿಪಡಿಸಬೇಕು ಅಂತ ಉದಾಹರಣೆ ಸಮೇತ ಇರುತ್ತದೆ. ಪೈಥಾನ್‌ನದ್ದಾದರೆ ‘ವಾಟ್ಸ್ ನ್ಯೂ’ ಪುಟದ ‘ರಿಮೂವ್ಡ್’ ಭಾಗ. ಅಷ್ಟು ಓದಿದರೆ ಸಾಕು, ಹೊಸ ಸೌಲಭ್ಯಗಳ ಕಥೆ ಬೇಕಿದ್ದರೆ ಆಮೇಲೆ. ಇನ್ನು ಡಿಸ್ಟ್ರೋಗಳೇ ಮಾಡುವ ಮಾಸ್ ರೀಬಿಲ್ಡ್‌ನಲ್ಲಿ (ಪ್ಯಾಕೇಜ್‌ಗಳನ್ನೆಲ್ಲ ಒಟ್ಟಿಗೆ ಮತ್ತೆ ಬಿಲ್ಡ್ ಮಾಡುವುದು) ನಿಮ್ಮ ಪ್ಯಾಕೇಜ್ ಬಿದ್ದರೆ ಬಗ್ ಬಂದೇ ಬರುತ್ತದೆ. ಅದು ಬಯ್ಗುಳ ಅಲ್ಲ. ಬಿಡುಗಡೆಗೆ ಇನ್ನೂ ತಿಂಗಳುಗಳು ಇರುವಾಗಲೇ ಸಿಕ್ಕ ಸೂಚನೆ.

*ಅಪ್‌ಸ್ಟ್ರೀಮ್‌ನ ಹೊಸ ಆವೃತ್ತಿ.* ಬಿಡುಗಡೆ ಟಿಪ್ಪಣಿಯನ್ನು ಮೇಲಿನಿಂದ ಕೆಳಗೆ ಓದಬೇಡಿ. ಮೇಲೆ ಇರುವುದೆಲ್ಲ ಹೊಗಳಿಕೆ. ‘ತೆಗೆದಿದ್ದೇವೆ’, ‘ಬದಲಿಸಿದ್ದೇವೆ’ ಎಂಬ ಸಾಲುಗಳನ್ನು ಮೊದಲು ಹುಡುಕಿ. ಆಮೇಲೆ ಕೋಡ್‌ನಲ್ಲಿ ಮೂರು ಕಡೆ ಡಿಫ್ ನೋಡಿ: ಡಿಪೆಂಡೆನ್ಸಿ ಪಟ್ಟಿ, ಲೈಸೆನ್ಸ್ ಫೈಲ್, ಲೈಬ್ರರಿಯಾದರೆ ಅದರ ಎಸ್ಒನೇಮ್, ಅಂದರೆ ಬೇರೆ ಪ್ರೋಗ್ರಾಂಗಳು ಅದನ್ನು ಗುರುತಿಸುವ ಆವೃತ್ತಿ ಸಮೇತದ ಹೆಸರು.

ಲೈಸೆನ್ಸ್ ಯಾರು ನೋಡುತ್ತಾರೆ ಅಂದುಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಸರ್ವರ್ ವ್ಯವಸ್ಥೆ ಕಟ್ಟುವ ಸಾಧನ ಟೆರಾಫಾರ್ಮ್ ತನ್ನ ಮುಕ್ತ ಲೈಸೆನ್ಸ್ ಬಿಟ್ಟಿತು, ಅದರ ಹಳೇ ಮುಕ್ತ ಕೋಡ್‌ನಿಂದ ಓಪನ್‌ಟೋಫು ಎಂಬ ಕವಲು ಹುಟ್ಟಿತು. 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ರೆಡಿಸ್ ಅದೇ ದಾರಿ ಹಿಡಿಯಿತು, ಹಾಗೆಯೇ ವಾಲ್ಕಿ ಎಂಬ ಕವಲು ಹುಟ್ಟಿತು. 2025ರಲ್ಲಿ ರೆಡಿಸ್ 8ಕ್ಕೆ ಎಜಿಪಿಎಲ್ ಎಂಬ ಮುಕ್ತ ಲೈಸೆನ್ಸ್‌ನ ಆಯ್ಕೆಯೂ ಬಂತು. ಕಣ್ಣುಮುಚ್ಚಿ ಹೊಸ ಆವೃತ್ತಿ ಒತ್ತುವ ಮೇಂಟೇನರ್ ಇಂಥ ಸಮಯದಲ್ಲಿ, ಡಿಸ್ಟ್ರೋದ ಮುಕ್ತ ಲೈಸೆನ್ಸ್ ನಿಯಮಕ್ಕೆ ಹೊಂದದ ಕೋಡನ್ನು ಡಿಸ್ಟ್ರೋದ ಮುಖ್ಯ ಭಾಗಕ್ಕೆ ಸೇರಿಸಿಬಿಡಬಹುದು.

ಎಸ್ಒನೇಮ್ ಬದಲಾಗಿದ್ದರೆ ಒಬ್ಬರೇ ಮಾಡುವ ಕೆಲಸ ಅಲ್ಲ. ನಿಮ್ಮ ಲೈಬ್ರರಿ ಬಳಸುವ ಎಲ್ಲ ಪ್ಯಾಕೇಜ್‌ಗಳನ್ನೂ ಮತ್ತೆ ಬಿಲ್ಡ್ ಮಾಡಬೇಕು. ಡೆಬಿಯನ್‌ನಲ್ಲಾದರೆ ಮೊದಲು ಎಕ್ಸ್‌ಪೆರಿಮೆಂಟಲ್ ವಿಭಾಗಕ್ಕೆ ಹಾಕಿ, ರಿಲೀಸ್ ತಂಡಕ್ಕೆ ಟ್ರಾನ್ಸಿಷನ್ (ಇಂಥ ಒಟ್ಟಾರೆ ಬದಲಾವಣೆ) ಬಗ್ ತೆರೆದು, ಅವರು ಹೂಂ ಅಂದ ಮೇಲೆ ಅನ್‌ಸ್ಟೇಬಲ್‌ಗೆ.

*ರೆಜಿಸ್ಟ್ರಿಗಳ ನಿಯಮ.* ಪೈಪಿಐ 2024ರ ಜನವರಿ 1ರಿಂದ ಎರಡು ಹಂತದ ಲಾಗಿನ್ ಕಡ್ಡಾಯ ಮಾಡಿತು. ಅದಕ್ಕೂ ಮೊದಲು, 2023ರಲ್ಲೇ, ‘ಟ್ರಸ್ಟೆಡ್ ಪಬ್ಲಿಷಿಂಗ್’ ತಂದಿತ್ತು. ಸಿಐಯಿಂದಲೇ (ಬಿಲ್ಡ್, ಪರೀಕ್ಷೆ ತಾನಾಗಿ ನಡೆಸುವ ವ್ಯವಸ್ಥೆ) ನೇರ ಅಪ್‌ಲೋಡ್, ಆ ಹೊತ್ತಿಗಷ್ಟೇ ಬಾಳುವ ಟೋಕನ್. ಎಲ್ಲೋ ಒಂದು ಸೆಟ್ಟಿಂಗ್ಸ್ ಪುಟದಲ್ಲಿ ವರ್ಷಗಟ್ಟಲೆ ಕೂತಿರುವ ಪಾಸ್‌ವರ್ಡ್‌ನಂಥ ಟೋಕನ್ ಬೇಕಾಗುವುದಿಲ್ಲ. ಎನ್‌ಪಿಎಂನಲ್ಲೂ ಈಗ ಇದೇ ರೀತಿಯ ಸೌಲಭ್ಯ ಇದೆ. ಈ ತಿಂಗಳು ಒಂದೇ ಕೆಲಸಕ್ಕೆ ಸಮಯ ಇದೆ ಅಂದರೆ ಇದನ್ನೇ ಮಾಡಿ, ಹಳೇ ಟೋಕನ್‌ಗಳನ್ನು ಅಳಿಸಿಹಾಕಿ.

ಇಂಥ ನಿಯಮದ ಸುದ್ದಿಯನ್ನೇ ಕಳ್ಳರು ಗಾಳ ಮಾಡಿಕೊಳ್ಳುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ಎನ್‌ಪಿಎಂ ಸಹಾಯ ವಿಭಾಗದ ಹೆಸರಿನಲ್ಲಿ, ಅದರಂತೆಯೇ ಕಾಣುವ ಡೊಮೈನ್‌ನಿಂದ ಮೇಂಟೇನರ್‌ಗಳಿಗೆ ಮೇಲ್ ಬಂತು. ನಿಮ್ಮ ಎರಡು ಹಂತದ ಲಾಗಿನ್ ನವೀಕರಿಸಿ, ಇಲ್ಲದಿದ್ದರೆ ಖಾತೆ ಲಾಕ್ ಆಗುತ್ತದೆ ಅಂತ. ಹಾಗೆ ಸಿಕ್ಕ ಖಾತೆಯಿಂದ ಚಾಕ್, ಡಿಬಗ್‌ನಂಥ ವಾರಕ್ಕೆ ಕೋಟಿಗಟ್ಟಲೆ ಡೌನ್‌ಲೋಡ್ ಆಗುವ ಪ್ಯಾಕೇಜ್‌ಗಳಿಗೆ ಕೆಟ್ಟ ಕೋಡ್ ಹೋಯಿತು. ಅದೇ ತಿಂಗಳು ಶೈ-ಹುಲುದ್ ಎಂಬ ವರ್ಮ್, ಕದ್ದ ಟೋಕನ್‌ಗಳನ್ನು ಬಳಸಿ ಪ್ಯಾಕೇಜ್‌ನಿಂದ ಪ್ಯಾಕೇಜಿಗೆ ಹರಡಿತು.

ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಲಾಗಿನ್ ಆಗುವುದೇ ಬೇಡ. ನಿಮ್ಮ ಬುಕ್‌ಮಾರ್ಕ್‌ನಿಂದ ಸೈಟ್ ತೆರೆಯಿರಿ. ಸುದ್ದಿ ನಿಜವಾಗಿದ್ದರೆ ಅಲ್ಲೂ ಇರುತ್ತದೆ ಅಲ್ವಾ? ಪಾಸ್‌ಕೀ ಅಥವಾ ಹಾರ್ಡ್‌ವೇರ್ ಕೀ ಇಟ್ಟುಕೊಂಡರೆ ಇನ್ನೂ ಕ್ಷೇಮ. ಅದು ಡೊಮೈನ್ ನೋಡಿಯೇ ಉತ್ತರ ಕೊಡುತ್ತದೆ, ನಕಲಿ ಸೈಟ್‌ಗೆ ಮರುಳಾಗುವುದಿಲ್ಲ. ಫೋನಿನಲ್ಲಿ ಬರುವ ಆರಂಕಿಯ ಕೋಡ್‌ಗೆ ಆ ಬುದ್ಧಿ ಇಲ್ಲ.

*ಕಾನೂನು.* ಯುರೋಪಿಯನ್ ಯೂನಿಯನ್‌ನ ಸೈಬರ್ ರೆಸಿಲಿಯನ್ಸ್ ಆಕ್ಟ್ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ದೋಷಗಳನ್ನು ವರದಿ ಮಾಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ, ಉಳಿದ ಬಹುತೇಕ ನಿಯಮ 2027ರ ಡಿಸೆಂಬರ್ 11ರಿಂದ. ವ್ಯಾಪಾರವಾಗಿ ಅಲ್ಲದೆ ಕೊಡುವ ಮುಕ್ತ ಸಾಫ್ಟ್‌ವೇರ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಹೊಣೆ ಇರುವುದು ಅದನ್ನು ತಮ್ಮ ಉತ್ಪನ್ನದಲ್ಲಿ ಸೇರಿಸಿ ಮಾರುವವರಿಗೆ. ಆದರೆ ಆ ಕಂಪನಿಗಳಿಂದ ಉದ್ದುದ್ದ ಪ್ರಶ್ನಾವಳಿಗಳು ನಿಮ್ಮ ಮೇಲ್‌ಗೆ ಬರಬಹುದು. ತುಂಬಲೇಬೇಕು ಅಂತೇನಿಲ್ಲ. ದೋಷ ಹೇಗೆ ತಿಳಿಸಬೇಕು, ಯಾವ ಆವೃತ್ತಿಗಳಿಗೆ ಬೆಂಬಲ ಇದೆ ಅಂತ ಸೆಕ್ಯುರಿಟಿ ಫೈಲಿನಲ್ಲಿ ಬರೆದಿಟ್ಟು ಅದನ್ನೇ ತೋರಿಸಿ.

ಹಂತ 5: ಅಪ್‌ಲೋಡ್‌ಗೆ ಮುಂಚೆ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಯಿತು ಅನ್ನುವುದಕ್ಕೆ ಬೆಲೆ ಇಲ್ಲ. ಅಲ್ಲಿ ಬೇಕಾದ್ದು ಬೇಡವಾದ್ದು ಎಲ್ಲವೂ ಮೊದಲೇ ಇರುತ್ತದೆ. ಡೆಬಿಯನ್‌ಗೆ ಎಸ್‌ಬಿಲ್ಡ್, ಫೆಡೋರಾಗೆ ಮಾಕ್ ಬಳಸಿ ಖಾಲಿ ಪರಿಸರದಲ್ಲಿ ಬಿಲ್ಡ್ ಮಾಡಿ. ಹಳೇ ಆವೃತ್ತಿಯಿಂದ ಅಪ್‌ಗ್ರೇಡ್ ಮಾಡಿಯೂ ನೋಡಿ. ಹೊಸದಾಗಿ ಇನ್‌ಸ್ಟಾಲ್ ಆಗುವ ಪ್ಯಾಕೇಜ್ ಅಪ್‌ಗ್ರೇಡ್‌ನಲ್ಲಿ ಮುಗ್ಗರಿಸುವುದುಂಟು. ನಿಮ್ಮ ಮೇಲೆ ನಿಂತಿರುವ ಪ್ಯಾಕೇಜ್‌ಗಳಲ್ಲಿ ಎರಡು ಮೂರನ್ನಾದರೂ ಬಿಲ್ಡ್ ಮಾಡಿ.

ಡಿಸ್ಟ್ರೋದ ಕ್ಯಾಲೆಂಡರ್ ಮರೆಯಬೇಡಿ. ಡೆಬಿಯನ್ 13 ಬಿಡುಗಡೆಯಾಗಿದ್ದು 2025ರ ಆಗಸ್ಟ್ 9ರಂದು. ಆದರೆ ದೊಡ್ಡ ಟ್ರಾನ್ಸಿಷನ್‌ಗಳಿಗೆ ಬಾಗಿಲು ಮುಚ್ಚಿದ್ದು ಮಾರ್ಚ್ 15ಕ್ಕೇ. ಏಪ್ರಿಲ್ 15ಕ್ಕೆ ಸಾಫ್ಟ್ ಫ್ರೀಜ್ (ಸಣ್ಣ ತಿದ್ದುಪಡಿಗಷ್ಟೇ ಅವಕಾಶ), ಮೇ 15ಕ್ಕೆ ಹಾರ್ಡ್ ಫ್ರೀಜ್ (ಇನ್ನೂ ಬಿಗಿ). ‘ಬಿಡುಗಡೆಗೆ ಇನ್ನೂ ಟೈಮ್ ಇದೆ’ ಅಂತ ಮೇನಲ್ಲಿ ಹೊಸ ಆವೃತ್ತಿ ತಂದವರಿಗೆ ಒಳಗೆ ಜಾಗ ಇರಲಿಲ್ಲ.

ಹಂತ 6: ನಿಮ್ಮ ಸುದ್ದಿ ಬಳಕೆದಾರರಿಗೆ

ಈಗ ಸುದ್ದಿ ಕೊಡುವ ಸರದಿ ನಿಮ್ಮದು. ‘ಹೊಸ ಅಪ್‌ಸ್ಟ್ರೀಮ್ ಆವೃತ್ತಿ, ಕೆಲವು ತಿದ್ದುಪಡಿಗಳು’ ಎಂಬ ಚೇಂಜ್‌ಲಾಗ್ ಯಾರಿಗೂ ಏನನ್ನೂ ಹೇಳುವುದಿಲ್ಲ. ಹೀಗೆ ಬರೆಯಿರಿ:

‘ಹೊಸ ಆವೃತ್ತಿ 3.2. ಸೆಟ್ಟಿಂಗ್ಸ್ ಫೈಲಿನ “ಪೋರ್ಟ್” ಈಗ “ಲಿಸನ್” ಆಗಿದೆ, ಹಳೇ ಹೆಸರು ಇದ್ದರೆ ಸರ್ವರ್ ಶುರುವಾಗುವುದಿಲ್ಲ. ಜಿಸಿಸಿ 15ರಲ್ಲಿ ಬಿಲ್ಡ್ ಆಗಲು ಪ್ಯಾಚ್ ಸೇರಿಸಿದೆ, ಅಪ್‌ಸ್ಟ್ರೀಮ್‌ಗೂ ಕಳಿಸಿದೆ.’

ಮೂರೇ ಸಾಲು. ರಾತ್ರಿ ಹನ್ನೊಂದಕ್ಕೆ ಸರ್ವರ್ ಏಳದೆ ಕೂತಿರುವ ಅಡ್ಮಿನ್‌ಗೆ ಬೇಕಾದದ್ದು ಎರಡನೇ ವಾಕ್ಯ. ಡೆಬಿಯನ್‌ನಲ್ಲಿ ಇಂಥದ್ದನ್ನು ನ್ಯೂಸ್ ಫೈಲಿಗೂ ಹಾಕಬಹುದು. ಎಪಿಟಿ-ಲಿಸ್ಟ್‌ಚೇಂಜಸ್ ಎಂಬ ಸಾಧನ ಇದ್ದವರಿಗೆ ಅಪ್‌ಗ್ರೇಡ್ ಹೊತ್ತಿನಲ್ಲೇ ಅದು ಕಾಣಿಸುತ್ತದೆ. ಹಾಗಂತ ಸಣ್ಣಪುಟ್ಟದ್ದನ್ನೆಲ್ಲ ಅಲ್ಲಿ ತುರುಕಬೇಡಿ. ಎರಡು ಸಲ ಬೇಡದ್ದು ಓದಿದವರು ಮೂರನೇ ಸಲ ಬೇಕಾದ್ದನ್ನೂ ಓದುವುದಿಲ್ಲ.

ಹಂತ 7: ಸಮಯ ಸಾಲದಾದಾಗ

ಪರೀಕ್ಷೆ, ಮಗು, ಹೊಸ ಕೆಲಸ, ಅಥವಾ ಸುಮ್ನೆ ಬೇಜಾರು. ಯಾವುದೇ ಆದರೂ ಕಾರಣ ಹೇಳುವ ಅಗತ್ಯ ಇಲ್ಲ, ಸಮಯ ಇಲ್ಲ ಅಂತ ಹೇಳಿದರೆ ಸಾಕು. ಡೆಬಿಯನ್‌ನಲ್ಲಿ ಮೂರು ಮೆಟ್ಟಿಲು ಇವೆ: ಸಹಾಯ ಬೇಕು ಅಂತ ಕೇಳುವುದು, ಯಾರಾದರೂ ವಹಿಸಿಕೊಳ್ಳಿ ಅಂತ ಕೇಳುವುದು, ಪೂರ್ತಿ ಕೈಬಿಡುವುದು. ಮೊದಲ ಮೆಟ್ಟಿಲನ್ನೇ ಬೇಗ ಹತ್ತಿದರೆ ಮೂರನೆಯದರ ಅಗತ್ಯ ಬರದೆಯೂ ಇರಬಹುದು. ಫೆಡೋರಾದಲ್ಲಿ ಕೈಬಿಟ್ಟ ಪ್ಯಾಕೇಜನ್ನು ಆರು ವಾರ ಯಾರೂ ತೆಗೆದುಕೊಳ್ಳದಿದ್ದರೆ ಅದನ್ನು ನಿವೃತ್ತಿ ಮಾಡುತ್ತಾರೆ. ಪೈಪಿಐನಲ್ಲಿ 2025ರಿಂದ ಯೋಜನೆಯನ್ನು ಆರ್ಕೈವ್ ಅಂತ ಗುರುತಿಸಬಹುದು. ಎನ್‌ಪಿಎಂನಲ್ಲಿ ಡೆಪ್ರಿಕೇಟ್ ಮಾಡಿ, ಬದಲಿಗೆ ಯಾವುದನ್ನು ಬಳಸಬೇಕು ಅಂತ ಒಂದು ಸಾಲು ಬರೆಯಬಹುದು.

ಯಾರಿಗೆ ಕೊಡುವುದು ಅನ್ನುವುದು ಸೂಕ್ಷ್ಮ. ಎಕ್ಸ್‌ಜೆಡ್‌ನಲ್ಲಿ ದಾಳಿಕೋರರು ಬಾಗಿಲು ಒಡೆದು ಬಂದವರಲ್ಲ. ವರ್ಷಗಟ್ಟಲೆ ಒಳ್ಳೇ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದರು. ಜೊತೆಗೆ, ಗುರುತು ಪರಿಚಯ ಇಲ್ಲದ ಖಾತೆಗಳಿಂದ ‘ಕೆಲಸ ನಿಧಾನವಾಯಿತು, ಬೇರೆಯವರಿಗೆ ಬಿಟ್ಟುಕೊಡಿ’ ಎಂಬ ಒತ್ತಡದ ಮೇಲ್‌ಗಳು ಬರುತ್ತಿದ್ದವು. ಅಂಥ ಮೇಲ್ ಬಂದರೆ ಅವಸರ ಮಾಡಬೇಡಿ. ಮೊದಲು ಬಗ್‌ಗಳನ್ನು ವಿಂಗಡಿಸುವ ಹಕ್ಕು ಕೊಡಿ, ಆಮೇಲೆ ಕಮಿಟ್ ಹಕ್ಕು. ಬಿಡುಗಡೆ ಮತ್ತು ಸಹಿಯ ಕೀ ಕೊನೆಗೆ. ಡಿಸ್ಟ್ರೋದಲ್ಲಿ ತಂಡಗಳಿದ್ದರೆ, ಉದಾಹರಣೆಗೆ ಪೈಥಾನ್ ತಂಡ, ಪರ್ಲ್ ತಂಡ, ಅಪರಿಚಿತ ಒಬ್ಬರಿಗಿಂತ ಅವರಿಗೆ ಒಪ್ಪಿಸುವುದೇ ವಾಸಿ.

ಒಪ್ಪಿಸುವಾಗ ಹಂತ 1ರ ಚೀಟಿಯ ಜೊತೆ ಇನ್ನು ನಾಲ್ಕು ವಿಷಯ ಸೇರಿಸಿ ಕೊಡಿ: ಅರ್ಧಕ್ಕೆ ನಿಂತಿರುವ ಕೆಲಸ, ಅಪ್‌ಸ್ಟ್ರೀಮ್ ಒಪ್ಪದೆ ನೀವೇ ಹೊತ್ತುಕೊಂಡು ಬಂದಿರುವ ಪ್ಯಾಚ್‌ಗಳು ಮತ್ತು ಅವು ಯಾಕೆ ಬೇಕು ಎಂಬ ಕಾರಣ, ಆಗಾಗ ಸುಮ್ಮಸುಮ್ಮನೆ ಸೋಲುವ ಪರೀಕ್ಷೆಗಳ ಹೆಸರು, ಇನ್ನೂ ಪ್ರಕಟವಾಗದ ಭದ್ರತಾ ದೋಷ ಏನಾದರೂ ಇದೆಯಾ ಎಂಬುದು. ಕೊನೆಯದನ್ನು ಮಾತ್ರ ಚೀಟಿಯಲ್ಲಿ ಬರೆಯದೆ, ಎನ್‌ಕ್ರಿಪ್ಟ್ ಮಾಡಿದ ಮೇಲ್‌ನಲ್ಲಿ ಬೇರೆಯಾಗಿ ಕಳಿಸಿ.